ಟೈಪಮ್ಮ ಹೊಡೆಯದೆ ಬಿಟ್ಟ ಐದನೇ ಪ್ಯಾರಾ

ಹೋದ ತಿಂಗಳು ಸಾಗರದ ಒಂದು ಪುಸ್ತಕದಂಗಡಿಯಲ್ಲಿ ನಾವು ನಾಲ್ಕು ಜನ ಇದ್ದೆವು. ನಾನು, ನನ್ನ ಮಗಳು, ಅಂಗಡಿಯ ಯಜಮಾನರು, ಏಣಿಯ ಮೇಲೆ ನಿಂತು ಅಟ್ಟ ಖಾಲಿ ಮಾಡುತ್ತಿದ್ದ ಅವರ ಹೆಂಡತಿ. ಮಗಳ ಮೂರನೇ ಕ್ಲಾಸಿನ ಪುಸ್ತಕಗಳಿಗೆ ಹೊದಿಸಲು ಬೈಂಡು ಕಾಗದ ಬೇಕಿತ್ತು. ಯಜಮಾನರು ಸುರುಳಿ ಬಿಚ್ಚುತ್ತಿದ್ದಾಗ ಮೇಲಿನಿಂದ ಆಕೆ, "ಇದೆಂತದ್ರೀ, ಇದನ್ನ ಇನ್ನೂ ಇಟ್ಕೊಂಡಿದೀರ? ಯಾರ ಪಿಂಡಕ್ಕೆ?" ಎನ್ನುತ್ತ ಒಂದು ಚಪ್ಪಟೆ ಪೆಟ್ಟಿಗೆಯನ್ನು ಕೆಳಗೆ ಬಿಟ್ಟರು. ಮುಚ್ಚಳ ಹಾರಿ ಕಪ್ಪು ಹಾಳೆಗಳು ನೆಲದ ತುಂಬ ಹರಡಿದವು. ಕಾರ್ಬನ್ ಕಾಗದ.

ಅದರ ವಾಸನೆ ನಿಮಗೆ ಗೊತ್ತಿದ್ದರೆ ಗೊತ್ತು, ಇಲ್ಲದಿದ್ದರೆ ಹೇಳುವುದು ಕಷ್ಟ. ಮೇಣದ ಬತ್ತಿ ಆರಿಸಿದಾಗ ಬರುತ್ತದಲ್ಲ, ಅದಕ್ಕೆ ಸ್ವಲ್ಪ ಸೀಮೆಎಣ್ಣೆ ಸೇರಿಸಿದ ಹಾಗೆ. ಮಗಳು ಒಂದು ಹಾಳೆ ಎತ್ತಿಕೊಂಡು, "ಅಮ್ಮಾ, ಇದೆಂತ?" ಅಂದಳು. ಬೆರಳು ಆಗಲೇ ಕಪ್ಪಾಗಿತ್ತು.

"ಕೆಳಗಿಟ್ಟು ಬರೆಯೋದು ಮಗಾ. ಒಂದು ಬರೆದ್ರೆ ಮೂರಾಗತ್ತೆ."

ಹೇಳಿದೆನೇ ಹೊರತು ನನ್ನ ಗಮನ ಅಲ್ಲಿರಲಿಲ್ಲ. ಎಂಟು ವರ್ಷದ ಹಿಂದೆ ಇದೇ ಊರಿನ ಕೋರ್ಟಿನ ಎದುರಿನ ಸಾಲಿನಲ್ಲಿ ಒಂದು ಸ್ಟೂಲಿನ ಮೇಲೆ ನಾನು ಕೂತಿದ್ದೆ. ಈ ಮಗಳು ಆಗ ಹೊಟ್ಟೆಯೊಳಗಿದ್ದಳು. ಎದುರಿಗೆ ಟೈಪಮ್ಮ…

ಆ ಸಾಲಿನಲ್ಲಿ ಎಲ್ಲರೂ ಅವರನ್ನು ಕರೆಯುತ್ತಿದ್ದುದೇ ಹಾಗೆ. ಬಾಗಿಲು ಮುಚ್ಚಿ ವರ್ಷಗಳಾಗಿದ್ದ ಒಂದು ಬೇಕರಿಯ ಜಗಲಿಯಲ್ಲಿ ಅವರ ಮೇಜು, ಮೇಜಿನ ಮೇಲೆ ಕನ್ನಡದ ಟೈಪ್‌ರೈಟರ್. ಅಕ್ಕಪಕ್ಕದಲ್ಲೆಲ್ಲ ಕಂಪ್ಯೂಟರ್ ಬಂದು ಕೂತಿದ್ದವು. ಆದರೂ ಕರೆಂಟು ಹೋದಾಗ ಎಲ್ಲ ವಕೀಲರೂ ಇವರ ಜಗಲಿಗೇ ಓಡಿಬರುತ್ತಿದ್ದರು, ನಮ್ಮೂರಿನಲ್ಲಿ ಕರೆಂಟು ಹೋಗುವುದೇನು ಅಪರೂಪವೇ? ಅರವತ್ತರ ಹತ್ತಿರದ ಹೆಂಗಸು. ಸೆರಗನ್ನು ಸೊಂಟಕ್ಕೆ ಬಿಗಿದು, ಕನ್ನಡಕಕ್ಕೆ ದಾರ ಕಟ್ಟಿ, ಬೆನ್ನು ನೆಟ್ಟಗೆ ಮಾಡಿ ಕೂತರೆ ಯಾವ ವಕೀಲನೂ ಅವಸರ ಮಾಡುವ ಹಾಗಿರಲಿಲ್ಲ. "ನಿಮ್ಮ ಕಕ್ಷಿದಾರ ಹತ್ತು ವರ್ಷ ಕಾದಿದಾನೆ, ನೀವು ಹತ್ತು ನಿಮಿಷ ಕಾಯ್ರಿ," ಅನ್ನುತ್ತಿದ್ದರು.

ನಾನು ಅಲ್ಲಿಗೆ ಹೋಗಬೇಕಾದದ್ದು ಹೇಗೆ ಅಂತ ಹೇಳಿಬಿಡುತ್ತೇನೆ.

ನನ್ನನ್ನು ಕೊಟ್ಟದ್ದು ಕೋಣಂದೂರಿನ ಕಡೆಗೆ. ನನ್ನ ಗಂಡ ಜೆಸಿಬಿ ಓಡಿಸುತ್ತಿದ್ದರು. ನಾನು ತೀರ್ಥಹಳ್ಳಿಯ ಒಂದು ಬಟ್ಟೆ ಅಂಗಡಿಯಲ್ಲಿ ಸೀರೆ ಬಿಚ್ಚಿ ತೋರಿಸುವ ಕೆಲಸಕ್ಕೆ ಹೋಗುತ್ತಿದ್ದೆ. ಬಸುರಾಗಿ ಎರಡೂವರೆ ತಿಂಗಳಾದಾಗ ವಾಂತಿ ಶುರುವಾಯಿತು. ಗಿರಾಕಿ ಎದುರಿಗಿದ್ದಾಗಲೇ ಎರಡು ಸಲ ಹಿತ್ತಲಿಗೆ ಓಡಿದೆ. ಸಾಹುಕಾರರು ಕೆಟ್ಟವರಲ್ಲ, ಮೆತ್ತಗೇ ಹೇಳಿದರು: "ಹೆರಿಗೆ ಮುಗಿಸ್ಕೊಂಡು ಬಾರಮ್ಮ, ನೋಡಣ." ಹಾಗೆ ಕೆಲಸ ಹೋಯಿತು. ಕೆಲಸ ಹೋದ ವಾರವೇ ಅತ್ತೆ, "ಹೆಂಗೂ ಮೊದಲ್ನೇ ಹೆರಿಗೆ ತವರಲ್ಲೇ ಆಗ್ಬೇಕು. ಈಗ್ಲೇ ಹೋಗಿ ಆರಾಮ ಮಾಡ್ಕೊಂಡ್ರೆ ಎಂತ ಆಗತ್ತೆ?" ಅಂದರು. ನಮ್ಮಲ್ಲಿ ಬಸುರಿಯನ್ನು ತವರಿಗೆ ಕರೆತರುವುದಕ್ಕೆ ಒಂದು ಕ್ರಮವಿದೆ. ಏಳನೇ ತಿಂಗಳಲ್ಲಿ ಸೀಮಂತ ಮಾಡಿ, ಹಸಿರು ಬಳೆ ತೊಡಿಸಿ, ಮಡಿಲು ತುಂಬಿ, ತವರಿನವರು ಬಂದು ಕರೆದುಕೊಂಡು ಹೋಗಬೇಕು. ನಾನು ಮೂರನೇ ತಿಂಗಳಲ್ಲಿ ಒಬ್ಬಳೇ ಒಂದು ಚೀಲ ಹಿಡಿದುಕೊಂಡು ಬಂದೆ. ಬಸ್ಸು ಹತ್ತಿಸಿದ್ದು ನನ್ನ ಗಂಡನೇ. ವಾಂತಿ ಬಂದರೆ ಚೀಪು ಅಂತ ಕಿತ್ತಳೆ ಪೆಪ್ಪರ್‌ಮೆಂಟು ತಂದುಕೊಟ್ಟಿದ್ದರು. ಅದು ನೆನಪಾದರೆ ಈಗಲೂ…

ಸಾಗರದಲ್ಲಿ ಅಮ್ಮನದು ಒಂದೇ ಕೋಣೆಯ ಬಾಡಿಗೆ ಮನೆ. ಅಪ್ಪ ಇರಲಿಲ್ಲ. ಅಮ್ಮ ಒಂದು ಮೆಸ್ಸಿನಲ್ಲಿ ತರಕಾರಿ ಹೆಚ್ಚಲು ಹೋಗುತ್ತಿದ್ದಳು. ಗಂಡನ ಫೋನು ಮೊದಲು ದಿನಕ್ಕೊಂದು ಬರುತ್ತಿತ್ತು, ಆಮೇಲೆ ವಾರಕ್ಕೊಂದು, ಆಮೇಲೆ ನಾನು ಮಾಡಿದರೂ ಎತ್ತುತ್ತಿರಲಿಲ್ಲ. ಐದನೇ ತಿಂಗಳಲ್ಲಿ ಸೋದರಮಾವ ಕೋಣಂದೂರಿಗೆ ಹೋಗಿ ಕೇಳಿದ್ದಕ್ಕೆ, "ಅವ್ಳೇ ಬಿಟ್ಟು ಹೋಗಿದ್ದು, ನಾವೆಂತ ಕಳಿಸಿದ್ವಾ?" ಅಂದರಂತೆ. ಯಾಕೆ ಹಾಗೆಂದರು ಅಂತ ಇವತ್ತಿಗೂ ನನಗೆ ಗೊತ್ತಿಲ್ಲ. ಜಗಳವಾಗಿತ್ತು ಅನ್ನಲಿಕ್ಕೂ ಏನೂ ಆಗಿರಲಿಲ್ಲ. ಒಂದು ಕಾರಣ ಕೊಟ್ಟಿದ್ದರೆ ಅದರ ಜೊತೆಗಾದರೂ ಗುದ್ದಾಡುತ್ತಿದ್ದೆ.

ಕೆಲಸ ಕೇಳಿಕೊಂಡು ಪೇಟೆಯ ಅಂಗಡಿಗಳನ್ನೆಲ್ಲ ಹತ್ತಿಳಿದೆ. ಎಲ್ಲರೂ ಒಳ್ಳೆಯ ಮಾತೇ ಆಡಿದರು, ಆದರೆ ಮಾತಾಡುವಾಗ ನೋಡುತ್ತಿದ್ದುದು ನನ್ನ ಹೊಟ್ಟೆಯನ್ನು. ಕೊನೆಗೆ ಮೆಸ್ಸಿನವರೇ ಒಬ್ಬ ವಕೀಲರನ್ನು ತೋರಿಸಿದರು. ಅವರು ನನ್ನ ಕತೆ ಕೇಳಿ ನಾಲ್ಕು ಹಾಳೆ ಕೈಬರಹದಲ್ಲಿ ಗೀಚಿದರು. "ಜೀವನಾಂಶಕ್ಕೆ ಹಾಕಣ. ಹೆಂಡ್ತಿಗೂ ಕೇಳಣ, ಹೆರಿಗೆ ಖರ್ಚೂ ಕೇಳಣ, ಮಗು ಹುಟ್ಟಿದ ದಿನದಿಂದ ಅದಕ್ಕೂ ಕೇಳಣ. ಅದೇ ಮುಖ್ಯ ನೋಡು. ನೀನು ಓದಿದ ಹುಡುಗಿ, ದುಡಿದು ತಿನ್ನಲಿ ಅಂದ್ಬಿಡ್ತಾರೆ. ಬಸುರಿ ಅಂದ್ರೆ ಬಾಯಿ ಮುಚ್ತಾರೆ. ಟೈಪಮ್ಮನ ಹತ್ರ ಮೂರು ಪ್ರತಿ ಮಾಡಿಸ್ಕೊಂಡು ಬಾ," ಅಂದರು.

ಹಾಗೆ ನಾನು ಆ ಸ್ಟೂಲಿನ ಮೇಲೆ ಕೂತೆ.

ಟೈಪಮ್ಮ ಮೊದಲು ಅಷ್ಟನ್ನೂ ಓದಿದರು. ಆಮೇಲೆ ಹಾಳೆ, ಕಾರ್ಬನ್, ಹಾಳೆ, ಕಾರ್ಬನ್ ಅಂತ ಒಂದರ ಮೇಲೊಂದು ಜೋಡಿಸಿ, ಮೇಜಿಗೆ ಕುಟ್ಟಿ ಅಂಚು ಸರಿಮಾಡಿ, ಮಿಷನ್ನಿಗೆ ತುರುಕಿ ಹೊಡೆಯಲು ಶುರುಮಾಡಿದರು. ಒಂದನೇ ಪ್ಯಾರಾ ಮದುವೆ. ಎರಡನೆಯದು ಸಂಸಾರ. ಮೂರು, ನಾಲ್ಕು… ಐದಕ್ಕೆ ಬಂದಾಗ ಕೈ ನಿಂತಿತು. ಕನ್ನಡಕದ ಮೇಲಿನಿಂದ ನನ್ನ ಕಡೆ ನೋಡಿದರು.

"ಎಷ್ಟು ತಿಂಗಳೇ?"

"ಐದು ಮುಗೀತು."

"ತೊಟ್ಟಿಲು-ಗಿಟ್ಟಿಲು ಎಂತೂ ತಂದಿಟ್ಟಿಲ್ಲ ಅಲ್ದ?"

"ಇಲ್ಲಮ್ಮ."

"ಕುಲಾಯಿ ಹೊಲಿದಿಟ್ಟಿದೀಯ?"

"ಅಮ್ಮ ಬಿಡಲ್ಲ."

"ಬಿಡ್ಬಾರ್ದು."

ಇದು ನಮ್ಮ ಕಡೆಯ ಎಲ್ಲ ಮನೆಗಳಲ್ಲೂ ಇರುವುದೇ. ಹುಟ್ಟುವ ಮೊದಲು ಮಗುವಿಗೆ ಅಂತ ಏನನ್ನೂ ತರುವ ಹಾಗಿಲ್ಲ. ಹೆಸರು ಆಡುವ ಹಾಗಿಲ್ಲ. ಹುಟ್ಟಿದ ಮೇಲೆ ಮೊದಲು ಹೊದಿಸುವುದೂ ಯಾರದೋ ಹಳೆಯ ಸೀರೆಯ ತುಂಡು. ಕಾಯುತ್ತಿದ್ದೇವೆ ಅಂತ ಯಾವ ದೃಷ್ಟಿಗೂ ತಿಳಿಯಬಾರದು. ಅಜ್ಜಿ ಹೇಳುತ್ತಿದ್ದ ಈ ಮಾತುಗಳನ್ನೆಲ್ಲ ನಾನು ಅರ್ಧ ನಂಬಿ ಅರ್ಧ ನಕ್ಕು ಬೆಳೆದವಳು. ಅವತ್ತೂ ನಕ್ಕೆ. ಟೈಪಮ್ಮ ನಗಲಿಲ್ಲ. ಕೈಬರಹದ ಹಾಳೆಯ ಮೇಲೆ ಒಮ್ಮೆ ಬೆರಳಾಡಿಸಿ, ಮತ್ತೆ ಹೊಡೆಯಲು ಶುರುಮಾಡಿದರು. ಈ ಸಲ ಬಹಳ ಬೇಗ ಮುಗಿಯಿತು.

ಹಾಳೆಗಳನ್ನು ಹೊರಗೆಳೆದು ನನ್ನೆದುರಿಗಿಟ್ಟರು. "ಓದ್ತೀಯನೇ ಒಂದ್ಸಲ?"

"ನೀವು ಹೊಡೆದಿದೀರಲ್ಲ, ಸರಿ ಇರತ್ತೆ."

ಅವರು ಪೆನ್ನನ್ನು ನನ್ನ ಕಡೆ ಸರಿಸಲು ಸ್ವಲ್ಪ ತಡಮಾಡಿದರು. ಆಗ ಅದು ನನಗೆ ಏನೂ ಅನ್ನಿಸಿರಲಿಲ್ಲ. ಮೂರೂ ಪ್ರತಿಗೆ ರುಜು ಹಾಕಿದೆ. ವಕೀಲರು ಎರಡು ಫೋನುಗಳ ನಡುವೆ ತಾವೂ ರುಜು ಹಾಕಿ, ಕಟ್ಟಿನೊಳಗೆ ಸೇರಿಸಿದರು. ಅವರೂ ಓದಲಿಲ್ಲ.

ಆಮೇಲೆ ಎರಡು ತಿಂಗಳು ನಾನು ಹೆಚ್ಚುಕಮ್ಮಿ ಆ ಜಗಲಿಯಲ್ಲೇ ಇದ್ದೆ. ಮನೆಯಲ್ಲಿ ಒಬ್ಬಳೇ ಕೂತರೆ ಗೋಡೆ ಮೈಮೇಲೆ ಬಂದ ಹಾಗಾಗುತ್ತಿತ್ತು. ಟೈಪಮ್ಮ ನನಗೆ ಹಾಳೆ ಜೋಡಿಸುವ, ಪಿನ್ನು ಹೊಡೆಯುವ ಕೆಲಸ ಕೊಟ್ಟರು. ಅದು ಕೆಲಸವೇನಲ್ಲ, ಕೂರಲು ಒಂದು ನೆಪ. ಮಧ್ಯಾಹ್ನ ಡಬ್ಬಿ ಬಿಚ್ಚಿದರೆ ಮೊದಲ ತುತ್ತು ಮುಚ್ಚಳಕ್ಕೆ ಹಾಕಿ ನನ್ನ ಕಡೆ ತಳ್ಳುತ್ತಿದ್ದರು. "ನಿಂಗಲ್ಲ ಅದು," ಅನ್ನುತ್ತಿದ್ದರು. ಯಾರಿಗೆ ಅಂತ ಮಾತ್ರ ಯಾವತ್ತೂ ಬಾಯಿ ಬಿಟ್ಟು ಹೇಳಲಿಲ್ಲ.

ಬಾಯಿ ಬಲು ಜೋರು. ಒಂದು ದಿನ ಯಾರದೋ ಜಮೀನಿನ ಅರ್ಜಿ ಹೊಡೆಯುತ್ತ, "ನೋಡೇ, ಅರ್ಜೀಲಿ ಎಲ್ರೂ ಒಳ್ಳೇವ್ರೇ. ಇಷ್ಟು ವರ್ಷದಲ್ಲಿ ಒಬ್ಬ ಕೆಟ್ಟವನ ಅರ್ಜಿ ಹೊಡೆದಿಲ್ಲ ನಾನು. ಕೆಟ್ಟವ್ರೆಲ್ಲ ಎದುರುಗಡೆ ವಕೀಲರ ಟೈಪಿಸ್ಟ್ ಹತ್ರ ಹೋಗ್ತಾರೆ ಕಾಣತ್ತೆ," ಅಂದರು. ಪಕ್ಕದ ಕಂಪ್ಯೂಟರಿನವನು, "ಅವ್ರೂ ನಿಮ್ಮ ಹತ್ರಾನೇ ಬರ್ತಾರಲ್ಲ ಟೈಪಮ್ಮ," ಅಂದದ್ದಕ್ಕೆ, "ಹೌದನ? ಹಂಗಾರೆ ಬರೋವಾಗ ಒಳ್ಳೇವ್ರಾಗಿ ಬರ್ತಾರೆ ಬಿಡು," ಅಂತ ಕಾಗದ ತಿರುವಿದರು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ. ಆ ದಿನಗಳಲ್ಲಿ ನಕ್ಕದ್ದು ಅಲ್ಲೊಂದೇ ಕಡೆ.

ಏಳನೇ ತಿಂಗಳಲ್ಲಿ ನೋಟೀಸು ವಾಪಸ್ ಬಂತು. ಪಕ್ಷಗಾರ ಊರಲ್ಲಿಲ್ಲ ಅಂತ ಷರಾ. ಎಲ್ಲಿ ಕೆಲಸ ಮಾಡುತ್ತಾರೆ ಅಂತ ಸರಿಯಾದ ವಿಳಾಸ ತಂದುಕೊಡು ಅಂದರು ವಕೀಲರು. ಅಮ್ಮನಿಗೆ ಮೆಸ್ಸಿನಲ್ಲಿ ರಜೆ ಸಿಗಲಿಲ್ಲ. ಟೈಪಮ್ಮ ಮಿಷನ್ನಿಗೆ ಮುಸುಕು ಹಾಕಿ, ಕೊಡೆ ತೆಗೆದುಕೊಂಡು ಎದ್ದರು. "ನಡಿಯೇ, ನಾನು ಬರ್ತೀನಿ. ನಂಗೂ ಆ ಮಹಾರಾಯನ್ನ ನೋಡ್ಬೇಕು."

ಸಾಗರದಿಂದ ಹೊಸನಗರಕ್ಕೊಂದು ಬಸ್ಸು, ಅಲ್ಲಿಂದ ಕೋಣಂದೂರಿಗೆ ಇನ್ನೊಂದು. ದಾರಿಯುದ್ದಕ್ಕೂ ಕಂಡಕ್ಟರುಗಳ ಜೊತೆ ಟೈಪಮ್ಮನದು ಒಂದೇ ಜಗಳ, "ಈ ಹುಡ್ಗಿನ ಚಕ್ರದ ಮೇಲೆ ಕೂರಿಸ್ತೀಯಲ್ಲ, ನಿಂಗೆ ಅಕ್ಕತಂಗೀರಿಲ್ವನ?" ಅಂತ. ಅತ್ತೆ ನಮ್ಮನ್ನು ಒಳಗೆ ಕರೆದು ಚಾಪೆ ಹಾಕಿ ಚಾ ಕೊಟ್ಟರು. ಅದನ್ನು ಹೇಳಲೇಬೇಕು, ಚಾ ಕೊಟ್ಟರು. ನನ್ನ ಹೊಟ್ಟೆಯ ಕಡೆ ಮಾತ್ರ ಒಂದು ಸಲವೂ ನೋಡಲಿಲ್ಲ.

"ಇವ್ರು ಯಾರು?" ಅಂತ ಟೈಪಮ್ಮನನ್ನು ತೋರಿಸಿ ಕೇಳಿದರು.

"ಚಿಕ್ಕಮ್ಮ," ಅಂದೆ, ಬಾಯಿಗೆ ಬಂದದ್ದು.

"ಇವ್ಳಿಗೆ ಚಿಕ್ಕಮ್ಮ ಇದ್ದದ್ದು ಮದ್ವೇಲಿ ಕಾಣ್ಲಿಲ್ಲಲ್ಲ?"

"ಮದ್ವೆ ಊಟಕ್ಕೆ ಬರದೇ ಇರೋವ್ರೇ ಕಷ್ಟಕ್ಕೆ ಬರೋದು ಕಣ್ರೀ," ಅಂದರು ಟೈಪಮ್ಮ. "ನಿಮ್ಮ ಮಗ ಎಲ್ಲಿ?"

"ಅವ್ನು ಎಲ್ಲಿರ್ತಾನೆ ಅಂತ ನಂಗೆ ಹೇಳಿ ಹೋಗ್ತಾನಾ? ತೀರ್ಥಳ್ಳೀಲಿ ಎಂತದೋ ಬಿಲ್ಡಿಂಗಿನ ಕೆಲಸ ಅಂತಿದ್ದ."

ತೀರ್ಥಹಳ್ಳಿಗೆ ಹೋದೆವು. ಎರಡು ಕಡೆ ಕೇಳಿ, ಮೂರನೆಯ ಕಡೆ ಸಿಕ್ಕಿದರು. ಊರ ಹೊರಗೆ ಒಂದು ಗುಡ್ಡದ ಬದಿ ಕಡಿಯುತ್ತಿದ್ದರು. ಕೆಂಪು ಮಣ್ಣಿನ ನಡುವೆ ಆ ಹಳದಿ ಮಿಷನ್ನು, ಅದರ ಗಾಜಿನ ಗೂಡಿನೊಳಗೆ ನನ್ನ ಗಂಡ. ನಾಲ್ಕು ತಿಂಗಳಾಗಿತ್ತು ಮುಖ ನೋಡಿ. ನನ್ನನ್ನು ಕಂಡರು, ಕಂಡದ್ದು ನನಗೂ ಕಂಡಿತು. ಆದರೆ ಇಂಜಿನ್ ಆರಿಸಲಿಲ್ಲ. ಆ ಸದ್ದಿನಲ್ಲಿ ನನ್ನ ಕೂಗು ನನಗೇ ಕೇಳುತ್ತಿರಲಿಲ್ಲ. ಟೈಪಮ್ಮ ಕೊಡೆ ಎತ್ತಿ, "ಇಳಿಯೋ ಕೆಳಗೆ! ಒಂದ್ ನಿಮಿಷ ಇಳಿ!" ಅಂತ ಕೂಗಿದರು. ಗೂಡಿನೊಳಗಿಂದ ನನ್ನ ಗಂಡ ಕಿವಿ ಮುಟ್ಟಿ ತೋರಿಸಿ, ಕೇಳುವುದಿಲ್ಲ ಅಂತ ಕೈಯಾಡಿಸಿದರು. ಆಮೇಲೆ ಮಿಷನ್ನನ್ನು ತಿರುಗಿಸಿ ಬೆನ್ನು ನಮ್ಮ ಕಡೆ ಮಾಡಿ ಅಗೆಯತೊಡಗಿದರು. ನಾವು ಇಬ್ಬರು ಹೆಂಗಸರು ಆ ಧೂಳಿನಲ್ಲಿ ನಿಂತೇ ಇದ್ದೆವು. ಎಷ್ಟು ಹೊತ್ತು ಅಂತ ಗೊತ್ತಿಲ್ಲ. ಒಳಗಿದ್ದದ್ದು ಆ ಸದ್ದಿಗೆ ಹೆದರಿತೋ ಏನೋ, ಬಲವಾಗಿ ಒದೆಯಿತು. ನಾನು ಹೊಟ್ಟೆ ಮೇಲೆ ಕೈಯಿಟ್ಟುಕೊಂಡೆ. ಟೈಪಮ್ಮ ಅದನ್ನು ನೋಡಿ, ತಟ್ಟನೆ ಮುಖ ಆಚೆ ತಿರುಗಿಸಿದರು.

ಬರುವಾಗ ಗುತ್ತಿಗೆದಾರನ ಬೋರ್ಡಿನ ಮೇಲಿದ್ದ ವಿಳಾಸವನ್ನು ಬಸ್ಸಿನ ಟಿಕೇಟಿನ ಹಿಂದೆ ಬರೆದುಕೊಂಡಿದ್ದರು. "ಇವ್ನ ಕಿವಿಗೆ ಕೇಳ್ದೇ ಇದ್ರೆ ಹೋಗ್ಲಿ. ಕಾಗದ ಓದ್ಲೇಬೇಕಲ್ಲ," ಅಂದರು.

ಆ ವಿಳಾಸಕ್ಕೆ ಹೋದ ನೋಟೀಸು ಮುಟ್ಟಿತು. ತಾರೀಖಿನ ದಿನ ಗಂಡ ಬಂದಿರಲಿಲ್ಲ, ಅವರ ಪರವಾಗಿ ವಕೀಲರೊಬ್ಬರು ಬಂದಿದ್ದರು. ನನಗೆ ಎಂಟು ತಿಂಗಳು ತುಂಬಿತ್ತು. ಕೋರ್ಟಿನ ಹಾಲಿನಲ್ಲಿ ನನ್ನನ್ನು ನೋಡಿ ಯಾರೋ ಬೆಂಚು ಬಿಟ್ಟುಕೊಟ್ಟರು. ನಮ್ಮ ವಕೀಲರು ಎದ್ದು ಬಸುರಿ ಹೆಂಗಸು, ಉದ್ಯೋಗವಿಲ್ಲ, ಹೆರಿಗೆ ಹತ್ತಿರ ಬಂದಿದೆ, ತಾತ್ಕಾಲಿಕ ಜೀವನಾಂಶ ಕೊಡಿಸಬೇಕು ಅಂದರು. ಎದುರಿನವರು ಕೂತಲ್ಲಿಂದಲೇ ಕೇಳಿದರು: "ಬಸುರಿ ಅಂತ ಅರ್ಜಿಯಲ್ಲಿ ಎಲ್ಲಿದೆ?"

ನಮ್ಮ ವಕೀಲರು ಪುಟ ತಿರುವಿದರು. ಮತ್ತೆ ಹಿಂದಕ್ಕೆ ತಿರುವಿದರು. ಅವರ ಕಿವಿ ಕೆಂಪಾಗುವುದು ನನಗೆ ಹಿಂದಿನಿಂದ ಕಂಡಿತು.

ಇರಲಿಲ್ಲ. ನಾಲ್ಕನೇ ಪ್ಯಾರಾ ಆದ ಮೇಲೆ, ಆರನೆಯದಾಗಿ ಇರಬೇಕಾದದ್ದು ಐದು ಅಂತ ಸಂಖ್ಯೆ ಹಾಕಿಕೊಂಡು ಕೂತಿತ್ತು. ಕೊನೆಯ ಕೋರಿಕೆಯಲ್ಲೂ ಹೆರಿಗೆ ಖರ್ಚಿಲ್ಲ, ಮಗುವಿಲ್ಲ. ಹೆಂಡತಿಗೆ ಜೀವನಾಂಶ ಅಂತ ಒಂದೇ ಸಾಲು. ಎಂಟು ತಿಂಗಳ ಹೊಟ್ಟೆ ಹೊತ್ತು ಅಷ್ಟು ಜನರ ಎದುರು ನಾನು ನಿಂತಿದ್ದೆ. ಆ ಕಾಗದದಲ್ಲಿ ಮಾತ್ರ ಅದು ಇರಲಿಲ್ಲ.

ಅಷ್ಟಾಗಿದ್ದರೆ ತಿದ್ದಿಕೊಳ್ಳಬಹುದಿತ್ತು. ಎದುರಿನವರು ಇನ್ನೊಂದು ಮಾತು ಆಡಿದರು, ಗಟ್ಟಿಯಾಗಿಯೂ ಅಲ್ಲ: "ಅರ್ಜಿ ಹಾಕುವಾಗ ಐದು ತಿಂಗಳು ಅಂತಾರೆ. ಗಂಡನ ಮಗುವಾಗಿದ್ದರೆ ಆಗಲೇ ಯಾಕೆ ಹೇಳಲಿಲ್ಲ? ನಮ್ಮ ಕಕ್ಷಿದಾರರಿಗೆ ಈ ವಿಷಯವೇ ತಿಳಿಯದು." ಯಾರೋ ಹಿಂದೆ ಕೆಮ್ಮಿದರು. ತಿದ್ದುಪಡಿ ಹಾಕಿ, ಅವರ ತಕರಾರು ಬರಲಿ, ಅಂತ ಜಡ್ಜರು ಮುಂದಿನ ತಾರೀಖು ಕೊಟ್ಟರು.

ನಾನು ನೇರ ಜಗಲಿಗೆ ಹೋದೆ. ಟೈಪಮ್ಮ ಯಾವುದೋ ಕಾಗದ ಹೊಡೆಯುತ್ತಿದ್ದರು.

"ಐದನೇ ಪ್ಯಾರಾ ಎಲ್ಲೋಯ್ತು ಟೈಪಮ್ಮ?"

ಅವರು ಕೈ ಎತ್ತಿ ಮಡಿಲಲ್ಲಿಟ್ಟುಕೊಂಡರು. ಮರೆತೆ ಅನ್ನುತ್ತಾರೆ ಅಂದುಕೊಂಡಿದ್ದೆ. ವಯಸ್ಸಾಯಿತು, ಕಣ್ಣು ತಪ್ಪಿತು ಅಂದಿದ್ದರೆ ನಂಬಿಬಿಡುತ್ತಿದ್ದೆ.

"ನಾನೇ ಹೊಡೀಲಿಲ್ಲ," ಅಂದರು.

"ಯಾಕೆ?"

"ಒಂದ್ಸಲ ಹೊಡೆದಿದ್ದೆ. ಆಗ ಒಂದು ಆಫೀಸಲ್ಲಿದ್ದೆ. ಹೆರಿಗೆ ರಜಕ್ಕೆ ನನ್ನರ್ಜಿ ನಾನೇ ಹೊಡ್ಕೊಂಡೆ. ಇಂಥ ತಾರೀಖಿಗೆ ಹೆರಿಗೆ, ಆಮೇಲೆ ಮಗುವಿನ ಆರೈಕೆಗೆ ಇಷ್ಟು ದಿನ… ಎಲ್ಲ ಚಂದ ಮಾಡಿ, ಮೂರು ಪ್ರತಿ. ನಮ್ಮತ್ತೆ ಬೈದ್ರು, ಹುಟ್ಟೋ ಮೊದ್ಲೇ ಕಾಗದಕ್ಕೆ ಹಾಕ್ತಾರೇನೇ ಅಂತ. ನಕ್ಕಿದ್ದೆ. ನೀನು ನಕ್ಕ ಹಂಗೇ. ರಜ ಮಂಜೂರಾಯ್ತು. ಮಗು…" ಮಿಷನ್ನಿನಲ್ಲಿದ್ದ ಹಾಳೆಯ ಅಂಚು ನೆಟ್ಟಗೆ ಮಾಡುತ್ತ, "ಹುಟ್ಲಿ ಮೊದ್ಲು ಅಂತ ಬಿಟ್ಟೆ ಕಣೆ. ಹುಟ್ಟಿದ್ಮೇಲೆ ಎಷ್ಟು ಪ್ಯಾರಾ ಬೇಕಾದ್ರೂ ಹೊಡ್ಕೊಡ್ತೀನಿ. ಇಷ್ಟೆಲ್ಲ ಆಗತ್ತೆ ಅಂತ ನಂಗೆ…"

ಇಷ್ಟು ವರ್ಷ ಕೋರ್ಟಿನ ಕಾಗದ ಹೊಡೆದ ಹೆಂಗಸಿಗೆ ಒಂದು ಸಾಲು ಬಿಟ್ಟರೆ ಏನಾಗುತ್ತದೆ ಅಂತ ಗೊತ್ತಿರಲಿಲ್ಲವೇ? ಗೊತ್ತಿತ್ತು. ಅದಕ್ಕಿಂತ ದೊಡ್ಡದೊಂದು ಹೆದರಿಕೆ ಇತ್ತು ಅಷ್ಟೆ. ಇದು ನನಗೆ ಹೊಳೆದದ್ದು ಈಗ, ಬರೆಯುವಾಗ. ಅವತ್ತು ನನಗೆ ಬಂದದ್ದು ಸಿಟ್ಟು ಒಂದೇ.

"ನಿಮ್ಮ ಮಗು ಹೋಯ್ತು ಅಂತ ನನ್ನ ಮಗುವಿಗೆ ಅಪ್ಪ ಇಲ್ಲ ಮಾಡಿದ್ರಲ್ಲ," ಅಂದೆ.

ಪಕ್ಕದ ಕಂಪ್ಯೂಟರಿನವನ ಕೈ ಕೀಬೋರ್ಡಿನ ಮೇಲೇ ನಿಂತಿತು. ನಾನು ತಿರುಗಿ ನೋಡದೆ ಬಂದುಬಿಟ್ಟೆ. ತಿದ್ದುಪಡಿಯ ಅರ್ಜಿಯನ್ನು ಪಕ್ಕದ ಕಂಪ್ಯೂಟರಿನವನ ಹತ್ತಿರ ಮಾಡಿಸಿದೆ, ಅವರಿಗೆ ಕಾಣುವ ಹಾಗೆ.

ಮಗಳು ಹುಟ್ಟಿದ್ದು ಒಂದು ಬೆಳಿಗ್ಗೆ, ಆಸ್ಪತ್ರೆಯಲ್ಲಿ. ಗಂಡನ ಮನೆಗೆ ಸೋದರಮಾವ ಫೋನು ಮಾಡಿದರು. "ಆಯ್ತು," ಅಂದು ಇಟ್ಟರಂತೆ. ಮೂರನೇ ದಿನ ಅಮ್ಮ ವಾರ್ಡಿನ ಬಾಗಿಲಿನಿಂದ ಒಂದು ಪೊಟ್ಟಣ ಹಿಡಿದುಕೊಂಡು ಬಂದಳು. ಹಳೆಯ ಹತ್ತಿ ಸೀರೆಯ ತುಂಡುಗಳು, ಒಗೆದೂ ಒಗೆದೂ ಬೆಣ್ಣೆಯ ಹಾಗೆ ಮೆತ್ತಗಾಗಿದ್ದವು. "ಟೈಪಮ್ಮ ಬಂದಿದ್ರು. ಒಳಗೆ ಬನ್ನಿ ಅಂದ್ರೆ ಬರ್ಲಿಲ್ಲ. ಕೂಸು ಅಳತ್ತಾ ಅಂತ ಕೇಳಿದ್ರು. ಚೆನ್ನಾಗಿ ಅಳತ್ತೆ ಅಂದೆ. ಹೋದ್ರು," ಅಂದಳು ಅಮ್ಮ. ಕರೆಸು ಅನ್ನಬಹುದಿತ್ತು. ಅನ್ನಲಿಲ್ಲ. ಬಟ್ಟೆಯನ್ನು ಮಾತ್ರ ಬಳಸಿದೆ.

ಕೋರ್ಟಿನಲ್ಲಿ ಆಡಿದ ಆ ಒಂದು ಮಾತಿಗೆ ಉತ್ತರ ಕೊಡಲು ನಾಲ್ಕು ವರ್ಷ ಹಿಡಿಯಿತು. ಮಗು ಗಂಡನದೇ ಅಂತ ಪರೀಕ್ಷೆಯಾಗಲಿ ಅಂದರೆ ಅವರು ರಕ್ತ ಕೊಡಲು ಬರುತ್ತಿರಲಿಲ್ಲ. ಅವರು ಬಂದ ದಿನ ಡಾಕ್ಟರೋ ಕಾಗದವೋ ಇರುತ್ತಿರಲಿಲ್ಲ. ನಾನು ಮಗುವನ್ನು ಸೊಂಟದ ಮೇಲೆ ಹೊತ್ತು ಹೋದೆ, ಆಮೇಲೆ ಕೈ ಹಿಡಿದು ನಡೆಸಿಕೊಂಡು ಹೋದೆ. ಪ್ರತಿ ಸಲವೂ ಆ ಜಗಲಿಯ ಮುಂದೆ ಹೋಗದೆ ಹಿಂದಿನ ಗಲ್ಲಿಯಿಂದ ಸುತ್ತಿ ಹೋಗುತ್ತಿದ್ದೆ. ಮೊದಲು ಸಿಟ್ಟಿಗೆ. ಸಿಟ್ಟು ಕರಗಿದ ಮೇಲೆ ನಾಚಿಕೆಗೆ. ಮಗಳಿಗೆ ಎರಡು ತುಂಬುವ ಹೊತ್ತಿಗೆ ಟೈಪಮ್ಮ ಮಿಷನ್ನು ಮಾರಿ ಹೊಸನಗರದ ಅಣ್ಣನ ಮನೆಗೆ ಹೋದರು ಅಂತ ಕಂಪ್ಯೂಟರಿನವನು ಹೇಳಿದ. ಹೊಸನಗರ ಎಷ್ಟು ದೂರ? ಬಸ್ಸು ಹತ್ತಿ ಕೂತರೆ ಮುಗಿಯಿತು. ಹೋಗಲಿಲ್ಲ.

ಮಗಳಿಗೆ ನಾಲ್ಕಾದಾಗ ಆದೇಶ ಬಂತು. ಮಗು ಅವರದೇ, ತಿಂಗಳು ತಿಂಗಳು ಕೊಡತಕ್ಕದ್ದು ಅಂತ. ಅದರಲ್ಲಿ ಮಗಳ ಹೆಸರು ಇತ್ತು. ಆ ಕಾಗದ ಹಿಡಿದುಕೊಂಡು ಅವತ್ತು ಅಮ್ಮ, ನಾನು ಇಬ್ಬರೂ ಅತ್ತೆವು. ಅಳುವುದಕ್ಕೆ ಅಷ್ಟೇ ಆಯಿತು ಅದು. ಅಷ್ಟರಲ್ಲಿ ಗಂಡ ಊರು ಬಿಟ್ಟಾಗಿತ್ತು. ಗೋವಾ ಅಂದರು, ಹಾಸನದ ಕಡೆ ಅಂದರು. ವಾರಂಟು ಹೋಗುತ್ತದೆ, ಬರುತ್ತದೆ. ನಾನು ಒಂದು ಬಟ್ಟೆ ಅಂಗಡಿಯಲ್ಲಿ ಮತ್ತೆ ಸೀರೆ ಬಿಚ್ಚುತ್ತಿದ್ದೇನೆ. ದುಡ್ಡು ಯಾವಾಗ ಬರುತ್ತದೆ ಅಂತ ವಕೀಲರು ಹೇಳುವುದಿಲ್ಲ, ನಾನೂ ಕೇಳುವುದಿಲ್ಲ. ಎಲ್ಲಿದ್ದಾನೆ ಅಂತ ಗೊತ್ತಿಲ್ಲದವನನ್ನು ಎಲ್ಲಿಂದ ಹಿಡಿದು ತರುತ್ತಾರೆ ಹೇಳಿ…

ಪುಸ್ತಕದಂಗಡಿಯಿಂದ ಮನೆಗೆ ಬಂದ ಮೇಲೆ ಎರಡು ದಿನ ಮನಸ್ಸು ಸರಿಯಿರಲಿಲ್ಲ. ಭಾನುವಾರ ಮಗಳಿಗೆ ತಲೆಬಾಚಿ, ಒಳ್ಳೆಯ ಲಂಗ ಹಾಕಿ ಹೊಸನಗರಕ್ಕೆ ಕರೆದುಕೊಂಡು ಹೋದೆ. ಒಂದು ಮಾತು ಹೇಳಿ ಬರಬೇಕಿತ್ತು. ಇವಳನ್ನು ತೋರಿಸಿದರೆ ಸಾಕು, ಬೇರೆ ಮಾತೂ ಬೇಡ ಅನ್ನಿಸಿತ್ತು.

ಕೇಳಿ ಕೇಳಿ ಅಣ್ಣನ ಮನೆ ಹುಡುಕಿದೆವು. ಟೈಪಮ್ಮನ ಅತ್ತಿಗೆ ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದರು. ಯಾರು ಅಂತ ಕೇಳಿದರು. "ಸಾಗರದಿಂದ. ಹಿಂದೆ ನನ್ನದೊಂದು ಅರ್ಜಿ ಟೈಪ್ ಮಾಡ್ಕೊಟ್ಟಿದ್ರು," ಅಂದೆ.

"ಅಯ್ಯೋ, ಹೋಗಿ ನಾಲ್ಕು ತಿಂಗಳಾತಲ್ಲೇ ಮಾರಾಯ್ತಿ," ಅಂದರು. "ನಿಂಗೆ ಯಾರೂ ಹೇಳ್ಲಿಲ್ವನ?"

ಜಗಲಿಯಲ್ಲಿ ಕೂರಿಸಿ ನೀರು ಬೆಲ್ಲ ಕೊಟ್ಟರು. ಅವರೇ ಮಾತಾಡುತ್ತ ಹೋದರು. "ಕಡೇ ಕಡೇಲಿ ಎಂತೂ ನೆನಪಿರ್ಲಿಲ್ಲ ಪಾಪ. ನನ್ನೇ ಗುರ್ತಿರ್ಲಿಲ್ಲ. ಒಂದೇ ಒಂದು ಹಠ. ಸಾಗರದಲ್ಲಿ ಒಂದು ಹುಡ್ಗಿ ದಿನ ತುಂಬಿ ಕೂತಿದೆ, ಹೆರಿಗೆ ಆಯ್ತಾ ನೋಡ್ಕೊಂಡ್ ಬನ್ನಿ, ಹೆರಿಗೆ ಆಯ್ತಾ ನೋಡ್ಕೊಂಡ್ ಬನ್ನಿ ಅಂತ. ಯಾವ ಹುಡ್ಗಿ ಅಂದ್ರೆ ಹೆಸ್ರು ಹೇಳಕ್ ಬರ್ತಿರ್ಲಿಲ್ಲ. ನಾವು ಯಾರನ್ನ ಅಂತ ಹುಡ್ಕೋದು? ಆಯ್ತು, ಆಯ್ತು ಅಂತಿದ್ವಿ. ನಂಬ್ತಿರ್ಲಿಲ್ಲ."

ನಾನು ಲೋಟ ಕೆಳಗಿಟ್ಟೆ. ಆ ಹುಡುಗಿ ನಾನೇ ಅನ್ನಬೇಕಿತ್ತು. ಅತ್ತಿಗೆ ಮಗಳ ಗಲ್ಲ ಹಿಡಿದು ಎಷ್ಟನೇ ಕ್ಲಾಸು ಅಂತ ಕೇಳಿದರು. ಅವಳು ಮೂರು ಅಂದಳು.

ಮಂಗಳವಾರ ಕೋರ್ಟಿನ ತಾರೀಖಿತ್ತು. ಅಂಗಡಿಗೆ ಅರ್ಧ ದಿನ ರಜೆ ಹಾಕಿ ಹೋದೆ. ವಾರಂಟು ವಾಪಸ್ ಬಂದಿತ್ತು. ಮುಂದಿನ ತಿಂಗಳಿಗೆ ಹಾಕಿದರು.